ರಾಧಾಳನ್ನು ಯಾರಾದರೂ ಕೇಳಿದರಾ?

ಇವತ್ತು ಸಂಪುಟ ವಿಸ್ತರಣೆ ಇಲ್ಲ, ಬಂಡಾಯ ಶಾಸಕರ ರೆಸಾರ್ಟ್ ಇಲ್ಲ, ಯಾರ ಆಡಿಯೋನೂ ಲೀಕ್ ಆಗಿಲ್ಲ. ಇವತ್ತು ಒಂದು ಸಿನಿಮಾ ಬಗ್ಗೆ ಮಾತಾಡೋಣ. ಹಳೇ ಸಿನಿಮಾ, ಹಿಂದಿ ಸಿನಿಮಾ, ಅರವತ್ತು ವರ್ಷದ ಹಿಂದಿನದು. ನ್ಯೂಸ್ ಚಾನೆಲ್‌ನಲ್ಲಿ ಕೂತು ಇದೇನು ಸಿನಿಮಾ ಪುರಾಣ ಅಂತ ರಿಮೋಟ್ ಕೈಗೆತ್ತಿಕೊಳ್ಳಬೇಡಿ. ಈ ಸಿನಿಮಾಕ್ಕೂ, ಇದೇ ಪರದೆಯ ಮೇಲೆ ವಾರಕ್ಕೊಂದು ಸಲವಾದರೂ ನೀವು ನೋಡುವ ಒಂದು ಜಾತಿಯ ಸುದ್ದಿಗೂ ಸಂಬಂಧ ಇದೆ. ಅಲ್ಲಿಗೆ ಬರ್ತೀನಿ.

2024ರ ಡಿಸೆಂಬರ್ 14ಕ್ಕೆ ರಾಜ್ ಕಪೂರ್ ಹುಟ್ಟಿ ನೂರು ವರ್ಷ ಆಯ್ತು. 1924ರಲ್ಲಿ ಪೆಶಾವರದಲ್ಲಿ ಹುಟ್ಟಿದ ಮನುಷ್ಯ. ಆಗ ಅವರ ಹತ್ತು ಸಿನಿಮಾಗಳನ್ನು ದೇಶದ 40 ಊರುಗಳ ಥಿಯೇಟರ್‌ಗಳಲ್ಲಿ ಮತ್ತೆ ಹಾಕಿದರು. ಟಿಕೆಟ್ ಬರೀ ನೂರು ರೂಪಾಯಿ ಇತ್ತು. ಇವತ್ತಿನ ಕಾಲದಲ್ಲಿ ಮಲ್ಟಿಪ್ಲೆಕ್ಸ್‌ನಲ್ಲಿ ನೂರು ರೂಪಾಯಿಗೆ ಪಾಪ್‌ಕಾರ್ನ್ ಕೂಡ ಬರಲ್ಲ. ಆ ಹತ್ತರಲ್ಲಿ ‘ಆವಾರಾ’ ಇದೆ, ‘ಶ್ರೀ 420’ ಇದೆ, ‘ಬಾಬಿ’ ಇದೆ. ‘ಸಂಗಮ್’ ಕೂಡ ಇದೆ. ನಾನು ಮಾತಾಡೋದು ‘ಸಂಗಮ್’ ಬಗ್ಗೆ.

1964ರ ಚಿತ್ರ. ರಾಜ್ ಕಪೂರ್ ನಿರ್ದೇಶಿಸಿದ ಮೊದಲ ಬಣ್ಣದ ಸಿನಿಮಾ. ಹೆಚ್ಚುಕಡಿಮೆ ನಾಲ್ಕು ಗಂಟೆ. ಒಂದಲ್ಲ, ಎರಡು ಇಂಟರ್‌ವೆಲ್. ವೆನಿಸ್, ಪ್ಯಾರಿಸ್, ಸ್ವಿಟ್ಜರ್ಲೆಂಡ್ ಅಂತ ಯುರೋಪಿಗೆ ಹೋಗಿ ಚಿತ್ರೀಕರಣ ಮಾಡಿದರು. ಆಮೇಲೆ ಮೂವತ್ತು ನಲವತ್ತು ವರ್ಷ ನಮ್ಮ ಹೀರೋ ಹೀರೋಯಿನ್‌ಗಳು ಸ್ವಿಸ್ ಬೆಟ್ಟದ ಮೇಲೆ ಸೀರೆ ಉಟ್ಟು ಕುಣಿದರಲ್ಲ, ಆ ದಾರಿ ತೆರೆದವರಲ್ಲಿ ರಾಜ್ ಕಪೂರ್ ಮುಖ್ಯರು. ಶಂಕರ್-ಜೈಕಿಶನ್ ಸಂಗೀತ, ಶೈಲೇಂದ್ರ ಮತ್ತು ಹಸರತ್ ಜೈಪುರಿ ಸಾಹಿತ್ಯ. ಆ ವರ್ಷದ ದೊಡ್ಡ ಹಿಟ್. ಫಿಲ್ಮ್‌ಫೇರ್‌ನಲ್ಲಿ ರಾಜ್ ಕಪೂರ್‌ಗೆ ನಿರ್ದೇಶನಕ್ಕೂ ಸಂಕಲನಕ್ಕೂ ಪ್ರಶಸ್ತಿ, ವೈಜಯಂತಿಮಾಲಾಗೆ ಶ್ರೇಷ್ಠ ನಟಿ ಪ್ರಶಸ್ತಿ. ದೂರದರ್ಶನ ಒಂದೇ ಇದ್ದ ಕಾಲದಲ್ಲಿ ಭಾನುವಾರ ಸಾಯಂಕಾಲದ ಹಿಂದಿ ಸಿನಿಮಾಕ್ಕೆ ಬೀದಿ ಬೀದಿಯೇ ಖಾಲಿ ಆಗ್ತಿತ್ತು. ಹಿಂದಿ ಅರ್ಥ ಆಗದಿದ್ದರೂ ನಮ್ಮ ಅಜ್ಜಿಯರು ಮೂಗು ಒರೆಸಿಕೊಂಡು ಅತ್ತ ಸಿನಿಮಾಗಳ ಜಾತಿಯದು ಇದು.

ಕಥೆ ಗೊತ್ತಿಲ್ಲದವರಿಗೆ ಹೇಳ್ತೀನಿ. ಸುಂದರ್, ಗೋಪಾಲ್, ರಾಧಾ. ಮೂವರೂ ಬಾಲ್ಯದಿಂದ ಜೊತೆಯಲ್ಲಿ ಬೆಳೆದವರು. ಸುಂದರ್ ಅಂದ್ರೆ ರಾಜ್ ಕಪೂರ್. ಗೋಪಾಲ್ ಅಂದ್ರೆ ರಾಜೇಂದ್ರ ಕುಮಾರ್. ರಾಧಾ ವೈಜಯಂತಿಮಾಲಾ. ಸುಂದರ್‌ಗೆ ರಾಧಾ ಅಂದ್ರೆ ಪ್ರಾಣ. ಅವಳಿಲ್ಲದ ಬದುಕೇ ಇಲ್ಲ ಅವನಿಗೆ. ರಾಧಾಗೆ ಗೋಪಾಲನ ಮೇಲೆ ಮನಸ್ಸು. ಗೋಪಾಲನಿಗೂ ಅವಳ ಮೇಲೆ ಮನಸ್ಸು, ಆದರೆ ಸುಂದರ್ ತನ್ನ ಸ್ನೇಹಿತ, ಹೇಗೆ ಹೇಳೋದು? ಬಾಯಿ ಬಿಡಲ್ಲ.

ಸುಂದರ್ ವಾಯುಸೇನೆ ಸೇರುತ್ತಾನೆ. ಕಾಶ್ಮೀರದಲ್ಲಿ ಹೋರಾಡುತ್ತಿರುವ ಸೈನಿಕರಿಗೆ ವಿಮಾನದಿಂದ ಸಾಮಗ್ರಿ ಇಳಿಸುವ ಅಪಾಯದ ಕೆಲಸ. ಹೊರಡುವ ಮುಂಚೆ ಗೋಪಾಲನ ಹತ್ತಿರ ಒಂದು ಭಾಷೆ ತೆಗೆದುಕೊಳ್ಳುತ್ತಾನೆ: ನಾನು ಬರೋವರೆಗೆ ನನ್ನ ಮತ್ತೆ ರಾಧಾ ಮಧ್ಯೆ ಇನ್ನೊಬ್ಬ ಗಂಡಸು ಬರದ ಹಾಗೆ ನೋಡಿಕೋ. ಕೆಲಸ ಮುಗಿಯುತ್ತೆ, ವಿಮಾನ ಉರುಳುತ್ತೆ, ಸುಂದರ್ ಸತ್ತ ಅಂತ ಸುದ್ದಿ ಬರುತ್ತೆ. ದುಃಖ ಆರಿದ ಮೇಲೆ ಗೋಪಾಲ್ ಮತ್ತು ರಾಧಾ ಹತ್ತಿರ ಆಗ್ತಾರೆ. ಅವನು ಅವಳಿಗೊಂದು ಪ್ರೇಮಪತ್ರ ಬರೀತಾನೆ, ಕೆಳಗೆ ಸಹಿ ಇಲ್ಲ. ಅವಳು ಅದನ್ನು ಜೋಪಾನವಾಗಿ ಎತ್ತಿಡುತ್ತಾಳೆ. ಇನ್ನೇನು ಮದುವೆ ಅನ್ನುವಷ್ಟರಲ್ಲಿ ಸುಂದರ್ ಜೀವಂತವಾಗಿ ವಾಪಸ್ ಬರ್ತಾನೆ!

ಗೋಪಾಲ್ ಏನು ಮಾಡ್ತಾನೆ? ಪಕ್ಕಕ್ಕೆ ಸರೀತಾನೆ. ಸ್ನೇಹಿತನಿಗೋಸ್ಕರ. ರಾಧಾ ಸುಂದರ್‌ನನ್ನು ಮದುವೆ ಆಗ್ತಾಳೆ. ಯುರೋಪಿನಲ್ಲಿ ಮಧುಚಂದ್ರ. ಆಯ್ತು, ಕಟ್ಟಿಕೊಂಡವನ ಜೊತೆ ನಿಯತ್ತಾಗಿ ಬಾಳೋಣ ಅಂತ ಅವಳು ಮನಸ್ಸು ಗಟ್ಟಿ ಮಾಡ್ತಾಳೆ. ಗೋಪಾಲನಿಗೂ ಹೇಳ್ತಾಳೆ, ದಯವಿಟ್ಟು ನಮ್ಮಿಂದ ದೂರ ಇರು, ನೀನು ಎದುರಿಗೆ ಬಂದ್ರೆ ನನಗೆ ಹಿಂಸೆ ಆಗುತ್ತೆ ಅಂತ. ಆದರೆ ಒಂದು ದಿನ ಆ ಸಹಿ ಇಲ್ಲದ ಪತ್ರ ಗಂಡನ ಕೈಗೆ ಸಿಗುತ್ತೆ. ಅಲ್ಲಿಂದ ಶುರು. ಯಾರವನು? ಹೆಸರು ಹೇಳು! ಕೈಯಲ್ಲಿ ಪಿಸ್ತೂಲು. ಅವಳು ಹೇಳಲ್ಲ. ದಿನಾ ಅನುಮಾನ, ದಿನಾ ಕೂಗಾಟ. ತಡೆಯೋಕೆ ಆಗದೆ ಅವಳು ಗೋಪಾಲನ ಮನೆಗೆ ಓಡ್ತಾಳೆ. ಅವಳು ಅಲ್ಲಿದ್ದಾಳೆ ಅಂತ ಗೊತ್ತಿಲ್ಲದೆ ಸುಂದರ್ ಕೂಡ ಅಲ್ಲಿಗೇ ಬರ್ತಾನೆ, ಸ್ನೇಹಿತನ ಹತ್ತಿರ ಗೋಳು ತೋಡಿಕೊಳ್ಳೋಕೆ. ಕಡೆಗೆ ಗೋಪಾಲ್ ಒಪ್ಪಿಕೊಳ್ಳುತ್ತಾನೆ, ಬರೆದದ್ದು ನಾನೇ. ಸುಂದರ್‌ನ ಅದೇ ಪಿಸ್ತೂಲಿನಿಂದ ತಾನೇ ಗುಂಡು ಹೊಡೆದುಕೊಂಡು ಸಾಯ್ತಾನೆ. ಗಂಡ ಹೆಂಡತಿ ಒಂದಾಗ್ತಾರೆ. ಸಿನಿಮಾ ಮುಗೀತು.

ಜನ ಹೊರಗೆ ಬಂದು ಏನಂದ್ರು? ಸ್ನೇಹ ಅಂದ್ರೆ ಇದು ಕಣ್ರೀ. ಗೋಪಾಲನ ತ್ಯಾಗ ಅಂದ್ರೆ ತ್ಯಾಗ!

ನನ್ನ ಪ್ರಶ್ನೆ ಇರೋದು ಇಲ್ಲೇ. ಗೋಪಾಲ್ ತ್ಯಾಗ ಮಾಡಿದ್ದು ಏನನ್ನು? ಹೊಲ ಬಿಟ್ಟುಕೊಟ್ಟನಾ? ಮನೆ ಬಿಟ್ಟುಕೊಟ್ಟನಾ? ಅಪ್ಪನ ಆಸ್ತಿಯಲ್ಲಿ ಪಾಲು ಬಿಟ್ಟುಕೊಟ್ಟನಾ? ಅವನು ಬಿಟ್ಟುಕೊಟ್ಟಿದ್ದು ರಾಧಾಳನ್ನು. ರಾಧಾ ಅವನ ಸ್ವತ್ತಾ, ಬಿಟ್ಟುಕೊಡೋಕೆ? ಭಾಷೆ ಆಗಿದ್ದು ಇಬ್ಬರು ಗಂಡಸರ ಮಧ್ಯೆ. ಹೋಗಿ ಬರೋವರೆಗೆ ನನ್ನ ಸೈಕಲ್ ನೋಡಿಕೋ ಅಂದ ಹಾಗೆ. ಆ ಮಾತುಕತೆ ನಡೆದಾಗ ಅವಳು ಅಲ್ಲಿಲ್ಲ, ಅವಳ ಒಪ್ಪಿಗೆ ಅದರಲ್ಲಿಲ್ಲ. ಆದರೆ ನಾಲ್ಕು ಗಂಟೆಯ ಸಿನಿಮಾದಲ್ಲಿ ಆ ಭಾಷೆಯ ಬೆಲೆ ತೆತ್ತಿದ್ದು ಯಾರು ಅಂತ ಲೆಕ್ಕ ಹಾಕಿ. ಗೋಪಾಲ್ ಒಂದು ಗುಂಡಿಗೆ ಬೆಲೆ ತೆತ್ತು ಹೋದ. ಅವಳು ಪ್ರತಿ ದಿನ ತೆತ್ತಳು.

ಇನ್ನೊಂದು ದೃಶ್ಯ ನೆನಪಿಸಿಕೊಳ್ಳಿ. ‘ಸಂಗಮ್’ ಅಂದ ತಕ್ಷಣ ಎಲ್ಲರಿಗೂ ನೆನಪಾಗುವ ಹಾಡಿನ ದೃಶ್ಯ ಅದೇ. ರಾಧಾ ಈಜುಡುಗೆಯಲ್ಲಿ ನೀರಿನಲ್ಲಿ ಇದ್ದಾಳೆ. ಸುಂದರ್ ಅವಳ ಬಟ್ಟೆ ಎತ್ತಿಕೊಂಡು ಮರ ಹತ್ತಿ ಕೂತಿದ್ದಾನೆ, ಕೈಯಲ್ಲಿ ಬ್ಯಾಗ್‌ಪೈಪ್. ಗೋಪಿಕಾ ವಸ್ತ್ರಾಪಹರಣ ನಮಗೆಲ್ಲ ಗೊತ್ತಿರೋದೇ, ಅದನ್ನೇ ಇಟ್ಟುಕೊಂಡು ಮಾಡಿದ ದೃಶ್ಯ. ಮೇಲಿಂದ ಕೇಳ್ತಾನೆ, ನಮ್ಮ ಸಂಗಮ ಆಗುತ್ತೋ ಇಲ್ಲವೋ ಹೇಳು ಅಂತ. ಅವಳು ಇಲ್ಲ ಅಂತಾಳೆ. ಮತ್ತೆ ಕೇಳ್ತಾನೆ. ಮತ್ತೆ ಇಲ್ಲ ಅಂತಾಳೆ. ಹಾಡು ಮುಗಿಯುವಷ್ಟರಲ್ಲಿ ಸಾಕಾಗಿ, ಸಿಟ್ಟಿನಲ್ಲಿ, ಆಗುತ್ತೆ ಆಗುತ್ತೆ ಹೋಗು ಅನ್ನೋ ಧಾಟಿಯಲ್ಲಿ ಒಂದು ಹೂಂ ಬರುತ್ತೆ. ಮುಕೇಶ್ ಧ್ವನಿ, ಅದ್ಭುತ ರಾಗ, ಇವತ್ತಿಗೂ ಕೇಳೋಕೆ ಖುಷಿ. ನಾನೂ ಗುನುಗ್ತೀನಿ. ಆದರೆ ಒಂದು ಸಲ ಹಾಡಿನ ಸೌಂಡ್ ಮ್ಯೂಟ್ ಮಾಡಿ ನೋಡಿ. ಬಟ್ಟೆ ಕಿತ್ತುಕೊಂಡು ಹೂಂ ಅನ್ನಿಸಿಕೊಂಡ ಒಬ್ಬ ಗಂಡಸು ಕಾಣ್ತಾನೆ. ಅಷ್ಟು ಸಲ ಇಲ್ಲ ಅಂದದ್ದು ಲೆಕ್ಕಕ್ಕೆ ಬರಲಿಲ್ಲ, ಕೊನೇ ಹೂಂ ಒಂದೇ ಲೆಕ್ಕಕ್ಕೆ ಬಂತು.

ಹೌದು, ಅದು ಸಿನಿಮಾ, ತಮಾಷೆ, ತುಂಟತನ. ಅರವತ್ತು ವರ್ಷದ ಹಿಂದಿನ ಚಿತ್ರವನ್ನು ಇವತ್ತಿನ ತಕ್ಕಡಿಯಲ್ಲಿ ತೂಗಬಾರದು ಅಂತ ಕೆಲವರು ಹೇಳ್ತಾರೆ. ಒಪ್ಪುತ್ತೇನೆ, ಅರ್ಧ. ರಾಜ್ ಕಪೂರ್‌ನ ಇಲ್ಲಿ ಕಟಕಟೆಗೆ ನಿಲ್ಲಿಸೋಕೆ ನಾನು ಕೂತಿಲ್ಲ. ಅವರ ಸುಂದರ್ ಕೆಟ್ಟವನಲ್ಲ. ಮಗುವಿನ ಹಾಗೆ ನಗ್ತಾನೆ, ಮಗುವಿನ ಹಾಗೆ ಅಳ್ತಾನೆ. ಆದರೆ ಮಗು ಕೂಡ ಅಂಗಡಿಯಲ್ಲಿ ಆಟಿಕೆ ನೋಡಿ ನೆಲದ ಮೇಲೆ ಹೊರಳುತ್ತೆ ಅಲ್ವಾ? ಮಗು ಅಂತ ನಾವು ಕೊಡಿಸ್ತೀವಿ. ಸುಂದರ್‌ಗೆ ಮೂವತ್ತು ದಾಟಿದೆ.

ಇದು ‘ಸಂಗಮ್’ ಒಂದರ ಕಥೆ ಆಗಿದ್ದರೆ ನಾನು ನಿಮ್ಮ ಇಷ್ಟು ಹೊತ್ತು ತಗೋತಿರಲಿಲ್ಲ. ಇದರ ಬೇರು ಇನ್ನೂ ಹಿಂದಕ್ಕೆ ಹೋಗುತ್ತೆ. ಇಂದರ್ ರಾಜ್ ಆನಂದ್ ಈ ಕಥೆಯನ್ನು ‘ಘರೋಂದಾ’ ಅನ್ನುವ ಹೆಸರಿನಲ್ಲಿ ರಾಜ್ ಕಪೂರ್‌ಗೆ ಕೊಟ್ಟಿದ್ದು ನಲವತ್ತರ ದಶಕದಲ್ಲೇ. ಆಗ ಅದು ಆಗಲಿಲ್ಲ. ಅದೇ ಹೊತ್ತಿಗೆ, 1949ರಲ್ಲಿ, ಮೆಹಬೂಬ್ ಖಾನ್ ‘ಅಂದಾಜ್’ ಮಾಡಿದರು. ದಿಲೀಪ್ ಕುಮಾರ್, ರಾಜ್ ಕಪೂರ್, ಮಧ್ಯೆ ನರ್ಗಿಸ್. ಆ ಇಬ್ಬರು ದಿಗ್ಗಜರು ಒಟ್ಟಿಗೆ ನಟಿಸಿದ್ದು ಅದೊಂದೇ ಸಿನಿಮಾದಲ್ಲಿ. ಅದರಲ್ಲಿ ನರ್ಗಿಸ್ ಪಾತ್ರ ಮಾಡಿದ ತಪ್ಪೇನು ಗೊತ್ತಾ? ತನ್ನ ಜೀವ ಉಳಿಸಿದ ಒಬ್ಬ ಗಂಡಸಿನ ಜೊತೆ ನಗುನಗುತ್ತಾ ಸ್ನೇಹದಿಂದ ಮಾತಾಡಿದ್ದು. ಅಷ್ಟೇ. ಅವಳ ಮನಸ್ಸು ಲಂಡನ್ನಿಂದ ಬರುವ ಇನ್ನೊಬ್ಬನ ಮೇಲೆ. ಇವನು ಆ ನಗುವನ್ನೇ ಪ್ರೀತಿ ಅಂದುಕೊಂಡ. ಅಪಾರ್ಥ ಮಾಡಿಕೊಂಡವನು ಅವನು, ಅನುಮಾನ ಪಟ್ಟವನು ಗಂಡ, ಜೈಲಿಗೆ ಹೋದವಳು ಅವಳು. ಕೊನೆಗೆ ಅಪ್ಪನ ಮಾತು ಕೇಳದೆ ಕೆಟ್ಟೆ ಅಂತ ಅವಳ ಬಾಯಲ್ಲೇ ಹೇಳಿಸ್ತಾರೆ. ಹುಡುಗಿ ನಕ್ಕರೆ ಅವಳದೇ ತಪ್ಪು ಅನ್ನೋ ಮಾತನ್ನು ಎಷ್ಟು ಮನೆಯಲ್ಲಿ, ಎಷ್ಟು ಪೊಲೀಸ್ ಠಾಣೆಯಲ್ಲಿ ಇವತ್ತಿಗೂ ಹೇಳ್ತಾರೆ, ನೀವೇ ಯೋಚನೆ ಮಾಡಿ.

1960ರ ‘ಚೌದ್‌ವೀ ಕಾ ಚಾಂದ್’ ನೋಡಿ. ಗುರುದತ್ ನಿರ್ಮಾಣ ಮಾಡಿ ನಟಿಸಿದ ಚಿತ್ರ, ನಿರ್ದೇಶನ ಎಂ. ಸಾದಿಕ್ ಅವರದು. ಗುರುದತ್ ನಮ್ಮ ಬೆಂಗಳೂರಿನಲ್ಲಿ, 1925ರಲ್ಲಿ ಹುಟ್ಟಿದವರು. ಆ ಹೆಮ್ಮೆ ನಮಗಿರಲಿ. ಲಖನೌದ ಪರದೆ, ನವಾಬ, ಶೆರ್ವಾನಿ. ನವಾಬ ಒಂದು ಹುಡುಗಿಯ ಮುಖವನ್ನು ಆಕಸ್ಮಿಕವಾಗಿ ನೋಡಿ ಮರುಳಾಗ್ತಾನೆ. ಅದೇ ಹುಡುಗಿ ಗೊತ್ತಿಲ್ಲದೆ ಅವನ ಸ್ನೇಹಿತನ ಹೆಂಡತಿಯಾಗ್ತಾಳೆ. ವಹೀದಾ ರೆಹಮಾನ್. ಸತ್ಯ ತಿಳಿದ ಸ್ನೇಹಿತ ಏನು ಮಾಡ್ತಾನೆ? ಹೆಂಡತಿ ತನ್ನನ್ನು ಬಿಟ್ಟು ಹೋಗಲಿ, ಸ್ನೇಹಿತನಿಗೆ ಸಿಗಲಿ ಅಂತ ಬೇಕಂತಲೇ ಕೆಟ್ಟವನ ವೇಷ ಹಾಕಿ ಕೋಠಿ ಮೆಟ್ಟಿಲು ಹತ್ತುತ್ತಾನೆ! ಅವಳಿಗೆ ನಿಜ ಹೇಳಲ್ಲ. ಅವಳ ಪಾಡಿಗೆ ಅವಳು ಗಂಡ ಯಾಕೆ ಹೀಗಾದ ಅಂತ ಅಳ್ತಾ ಕೂತಿದ್ದಾಳೆ. ಕೊನೆಗೆ ನವಾಬ ವಜ್ರ ನುಂಗಿ ಸಾಯ್ತಾನೆ. ಇಲ್ಲೂ ಅದೇ, ಸ್ನೇಹ ಗೆಲ್ಲೋಕೆ ಒಬ್ಬ ಸಾಯಬೇಕು, ಒಬ್ಬಳು ಅಳಬೇಕು.

1991ಕ್ಕೆ ಬನ್ನಿ. ‘ಸಾಜನ್’. ಆಗ ಕ್ಯಾಸೆಟ್ ಅಂಗಡಿ ಮುಂದೆ ಹಾದು ಹೋದವರಿಗೆಲ್ಲ ಆ ಹಾಡುಗಳು ಬಾಯಿಪಾಠ. ಮಾಧುರಿ ದೀಕ್ಷಿತ್‌ಗೆ ಒಬ್ಬ ಕವಿಯ ಕವಿತೆ ಇಷ್ಟ. ಕವಿ ಸಂಜಯ್ ದತ್, ತಾನು ಕುಂಟ ಅನ್ನೋ ಕೀಳರಿಮೆ ಅವನಿಗೆ. ಹಾಗಾಗಿ ಸಹೋದರನಂಥ ಗೆಳೆಯ ಸಲ್ಮಾನ್ ಖಾನ್‌ಗೆ, ನೀನೇ ಆ ಕವಿ ಅಂತ ಹೇಳಿಕೋ ಅಂತಾನೆ. ಅವಳಿಗೆ ಕವಿತೆ ಇಷ್ಟ ಆಗಿದೆ, ಬರೆದವನು ಯಾರು ಅಂತ ತಿಳಿದುಕೊಳ್ಳುವ ಹಕ್ಕು ಅವಳಿಗೆ ಇದೆಯಾ ಇಲ್ಲವಾ? ಇಬ್ಬರೂ ಸೇರಿ ಅವಳಿಗೆ ಸುಳ್ಳು ಹೇಳಿದರು, ನಾವು ಅದಕ್ಕೂ ತ್ಯಾಗ ಅಂದೆವು.

1998ರ ‘ಕುಛ್ ಕುಛ್ ಹೋತಾ ಹೈ’ ಅಂತೂ ನಿಮಗೆಲ್ಲ ಗೊತ್ತು. ಮದುವೆ ಮಂಟಪ, ಕಾಜೋಲ್ ಅಳ್ತಾ ನಿಂತಿದ್ದಾಳೆ. ಸಲ್ಮಾನ್ ಖಾನ್ ಅವಳ ಕೈ ಹಿಡಿದು ಶಾರುಖ್ ಖಾನ್ ಕೈಗೆ ಕೊಡ್ತಾನೆ. ಥಿಯೇಟರ್ ಚಪ್ಪಾಳೆ. ಪುಣ್ಯಕ್ಕೆ ಅವಳ ಮನಸ್ಸೂ ಅಲ್ಲೇ ಇತ್ತು. ಆದರೂ ನೋಡಿ, ಕೊಟ್ಟವನೂ ಗಂಡಸು, ತಗೊಂಡವನೂ ಗಂಡಸು. ಅವಳೇ ನಾಲ್ಕು ಹೆಜ್ಜೆ ನಡೆದು ಹೋಗಿ ಆ ಕೈ ಹಿಡಿದಿದ್ದರೆ ಸಿನಿಮಾ ಓಡ್ತಿರಲಿಲ್ವಾ?

ನಮ್ಮ ಕನ್ನಡದಲ್ಲೇನು ಕಡಿಮೆಯೇ! 2006ರ ‘ಮುಂಗಾರು ಮಳೆ’. ವರ್ಷಕ್ಕೂ ಹೆಚ್ಚು ಕಾಲ ಓಡಿದ ಚಿತ್ರ, ನನಗೂ ಬಹಳ ಇಷ್ಟ, ಜೋಗದ ಆ ನೀರು, ಆ ಮಳೆ, ಪಾಪದ ಆ ಮೊಲ. ಆದರೆ ಪ್ರೀತಮ್ ಹಿಂದೆ ಸರೀತಾನಲ್ಲ, ಆಗ ನಂದಿನಿಯ ಮನಸ್ಸು ಅವನ ಕಡೆ ತಿರುಗಿ ಆಗಿದೆ. ನಿನಗೇನು ಬೇಕಮ್ಮಾ ಅಂತ ಅವಳನ್ನು ಕೂರಿಸಿ ಕೇಳಿದವರು ಯಾರು? ನಾವೆಲ್ಲ ಪ್ರೀತಮ್‌ಗೋಸ್ಕರ ಅತ್ತೆವು, ಮೊಲಕ್ಕೋಸ್ಕರ ಅತ್ತೆವು. ನಂದಿನಿಗೋಸ್ಕರ ಅತ್ತವರು ಯಾರಾದರೂ ಇದ್ದರೆ ನಮಗೊಂದು ಪತ್ರ ಬರೀರಿ.

ಎಲ್ಲಾ ಸಿನಿಮಾನೂ ಹೀಗೇ ಅಂತ ನಾನು ಹೇಳಲ್ಲ. 1985ರ ‘ಸಾಗರ್’ ಇದೆ. ರಮೇಶ್ ಸಿಪ್ಪಿ ನಿರ್ದೇಶನ. ಕಮಲ್ ಹಾಸನ್ ರಾಜನ ಪಾತ್ರದಲ್ಲಿ, ಮೋನಾ ಅಂದ್ರೆ ಅವನಿಗೆ ಚಿಕ್ಕಂದಿನಿಂದ ಜೀವ. ಅವಳು ಇನ್ನೊಬ್ಬನನ್ನು ಪ್ರೀತಿಸ್ತಾಳೆ ಅಂತ ಗೊತ್ತಾದಾಗ ಅವನು ಮರ ಹತ್ತಿ ಕೂರಲ್ಲ. ಪಿಸ್ತೂಲು ಹಿಡಿಯಲ್ಲ. ಎದೆ ಒಡೆದು ಹೋಗಿದೆ, ಆದರೂ ನಗ್ತಾನೆ. ಅವಳು ಆರಿಸಿಕೊಂಡಿದ್ದಾಳೆ, ಮುಗೀತು. ಪ್ರೀತಿ ಸಿಗದಿರೋದು ನೋವು, ಅನ್ಯಾಯ ಅಲ್ಲ ಅಂತ ಗೊತ್ತಿರುವ ಮನುಷ್ಯ. ಕಮಲ್‌ಗೆ ಆ ವರ್ಷದ ಫಿಲ್ಮ್‌ಫೇರ್ ಶ್ರೇಷ್ಠ ನಟ ಪ್ರಶಸ್ತಿ ಬಂತು, ಕೊಡಬೇಕಾದ್ದೇ. ಅವನನ್ನೂ ಕೊನೆಗೆ ಕಥೆಗಾರರು ಸಾಯಿಸಿಬಿಟ್ಟರು, ಅದು ಬೇರೆ ಮಾತು. ಸೋತ ಪ್ರೇಮಿ ಬದುಕಿ, ಕೆಲಸಕ್ಕೆ ಹೋಗಿ, ಊಟ ಮಾಡಿ, ಎರಡು ವರ್ಷ ಆದ ಮೇಲೆ ಬೇರೆ ಯಾರನ್ನೋ ಪ್ರೀತಿಸಿ ಸುಖವಾಗಿರೋದನ್ನು ತೋರಿಸೋಕೆ ನಮ್ಮ ಸಿನಿಮಾಕ್ಕೆ ಏನೋ ಹಿಂಜರಿಕೆ.

2016ರಲ್ಲಿ ಕರಣ್ ಜೋಹರ್ ‘ಏ ದಿಲ್ ಹೈ ಮುಷ್ಕಿಲ್’ ಮಾಡಿದರು. ಮಂಟಪದಲ್ಲಿ ಕೈ ಎತ್ತಿ ಕೊಡಿಸಿದ ಅದೇ ನಿರ್ದೇಶಕ, ಹದಿನೆಂಟು ವರ್ಷ ಆದ ಮೇಲೆ. ಅನುಷ್ಕಾ ಶರ್ಮಾ ಪಾತ್ರ ರಣಬೀರ್ ಕಪೂರ್‌ಗೆ ನೇರವಾಗಿ ಹೇಳುತ್ತೆ, ನೀನು ನನ್ನ ಸ್ನೇಹಿತ, ಪ್ರೇಮಿ ಅಲ್ಲ. ಅವನು ಅಳ್ತಾನೆ, ರೇಗ್ತಾನೆ, ಚುಚ್ಚಿ ಮಾತಾಡ್ತಾನೆ. ಅವಳು ಬದಲಾಗಲ್ಲ. ಕ್ಯಾನ್ಸರ್ ಬರುತ್ತೆ, ಆಗಲೂ ಬದಲಾಗಲ್ಲ. ಆ ಸಿನಿಮಾ ಎಲ್ಲರಿಗೂ ಹಿಡಿಸಲಿಲ್ಲ, ನನಗೂ ಕೆಲವು ಕಡೆ ಎಳೆದ ಹಾಗೆ ಅನ್ನಿಸಿತು. ಆದರೆ ರಾಜ್ ಕಪೂರ್ ಮೊಮ್ಮಗನ ಎದುರಿಗೆ ಒಬ್ಬ ನಾಯಕಿ ಕೊನೇವರೆಗೂ ಇಲ್ಲ ಅಂತಲೇ ಉಳಿದಳು ನೋಡಿ, ಅದು ನನಗೆ ಮಜಾ ಅನ್ನಿಸಿತು. ತಾತ ಮರದ ಮೇಲೆ ಕೂತು ಹೂಂ ಅನ್ನಿಸಿಕೊಂಡಿದ್ದರು.

ಈಗ ಸುದ್ದಿಗೆ ಬರ್ತೀನಿ ಅಂದಿದ್ದೆನಲ್ಲ.

ಪ್ರೀತಿ ನಿರಾಕರಿಸಿದ್ದಕ್ಕೆ ಯುವತಿಗೆ ಚಾಕು ಇರಿತ. ಪ್ರೀತಿ ನಿರಾಕರಿಸಿದ್ದಕ್ಕೆ ಆಸಿಡ್ ದಾಳಿ. ಈ ಕುರ್ಚಿಯಲ್ಲಿ ಕೂತು ಈ ವಾಕ್ಯವನ್ನು ಎಷ್ಟು ಸಲ ಓದಿದ್ದೇನೆ ಅಂತ ನನಗೇ ಲೆಕ್ಕ ಇಲ್ಲ. ಆ ಹೊತ್ತಿಗೆ ಪರದೆಯ ಕೆಳಗೆ ಓಡುವ ಪಟ್ಟಿಯಲ್ಲಿ, ಯಾವ ಚಾನೆಲ್ ಬೇಕಾದರೂ ಹಾಕಿ ನೋಡಿ, ಎರಡು ಪದ ಇರುತ್ತೆ. ಪಾಗಲ್ ಪ್ರೇಮಿ. ಇಲ್ಲಾಂದ್ರೆ ಭಗ್ನಪ್ರೇಮಿ. ಒಂದು ದಿನ ಬುಲೆಟಿನ್‌ಗೆ ಮುಂಚೆ ನಮ್ಮ ಡೆಸ್ಕ್‌ನ ಹುಡುಗನನ್ನು ಕರೆದು ಕೇಳಿದೆ.

“ಇದರಲ್ಲಿ ಪ್ರೇಮಿ ಯಾರಪ್ಪಾ?”

“ಅವನೇ ಮೇಡಂ, ಚಾಕು ಹಾಕಿದವನು.”

“ಆ ಹುಡುಗಿ ಅವನನ್ನ ಪ್ರೀತಿಸಿದ್ಲಾ?”

“ಇಲ್ಲ ಮೇಡಂ. ಮೂರು ತಿಂಗಳಿಂದ ಹಿಂದೆ ಬಿದ್ದಿದ್ನಂತೆ. ಅವಳು ಒಪ್ಪಿರಲಿಲ್ಲ. ಮನೆಯವರೂ ಬುದ್ಧಿ ಹೇಳಿದ್ರಂತೆ.”

“ಹಂಗಾದ್ರೆ ಪ್ರೇಮಿ ಎಲ್ಲಿಂದ ಬಂದ?”

ಅವನು ಸ್ವಲ್ಪ ಹೊತ್ತು ತಲೆ ಕೆರೆದುಕೊಂಡ. “ಆರೋಪಿ ಅಂತ ಹಾಕಿದ್ರೆ ಜನಕ್ಕೆ ಯಾವ ಕೇಸು ಅಂತ ಗೊತ್ತಾಗಲ್ಲ ಮೇಡಂ. ಪಾಗಲ್ ಪ್ರೇಮಿ ಅಂದ್ರೆ ತಕ್ಷಣ ಗೊತ್ತಾಗುತ್ತೆ. ಪಟ್ಟಿಯಲ್ಲೂ ಕರೆಕ್ಟಾಗಿ ಕೂರುತ್ತೆ.”

ಅವನು ಹೇಳಿದ್ದು ನಿಜ. ಜನಕ್ಕೆ ತಕ್ಷಣ ಗೊತ್ತಾಗುತ್ತೆ. ಯಾಕೆ ಗೊತ್ತಾಗುತ್ತೆ? ಅರವತ್ತು ಎಪ್ಪತ್ತು ವರ್ಷದಿಂದ ಹಾಡು ಹಾಕಿ, ಬಣ್ಣ ಹಾಕಿ, ಮಳೆ ಸುರಿಸಿ ನಮಗೆ ಆ ಪಾಠ ಆಗಿದೆ. ಗಂಡಸು ಪ್ರೀತಿಸಿದ ಅಂದ ಮೇಲೆ ಅದು ಪ್ರೇಮಕಥೆ. ಹೆಣ್ಣು ಒಪ್ಪಿದಳಾ ಅನ್ನೋದು ಆಮೇಲಿನ ಮಾತು. ಹಾಗಂತ ಸಿನಿಮಾ ನೋಡಿ ಚಾಕು ಹಿಡೀತಾರೆ ಅಂತ ನಾನು ಹೇಳ್ತಿಲ್ಲ. ಕೋಟಿ ಜನ ‘ಸಂಗಮ್’ ನೋಡಿದ್ದಾರೆ, ನೆಮ್ಮದಿಯಾಗಿ ಸಂಸಾರ ಮಾಡಿದ್ದಾರೆ. ನಾನು ಹೇಳ್ತಿರೋದು ಪದದ ಬಗ್ಗೆ. ಇರಿದವನಿಗೆ ಪ್ರೇಮಿ ಅಂತ ಹೆಸರು ಕೊಟ್ಟ ತಕ್ಷಣ, ಆಸ್ಪತ್ರೆಯಲ್ಲಿ ಮಲಗಿರುವ ಹುಡುಗಿ ಅವನ ಕಥೆಯಲ್ಲಿ ಒಂದು ಪಾತ್ರ ಆಗಿಬಿಡ್ತಾಳೆ. ಅವಳ ಅಪ್ಪ ಅಮ್ಮನಿಗೆ ಊರಿನವರು ಕೇಳೋ ಮೊದಲ ಪ್ರಶ್ನೆ ಏನು? ಇಬ್ಬರಿಗೂ ಮೊದಲೇ ಪರಿಚಯ ಇತ್ತಾ?

ಕಾನೂನು ಈ ವಿಷಯದಲ್ಲಿ ಸಿನಿಮಾಕ್ಕಿಂತ ಮುಂದೆ ಹೋಗಿದೆ. 2013ರಲ್ಲಿ, ದಿಲ್ಲಿಯ ಆ ಬಸ್ಸಿನ ಪ್ರಕರಣದ ನಂತರ, ಐಪಿಸಿಗೆ 354ಡಿ ಅಂತ ಒಂದು ಕಲಂ ಸೇರಿಸಿದರು. 2024ರ ಜುಲೈ 1ರಿಂದ ಬಂದಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು ಕಲಂ 78. ಏನು ಹೇಳುತ್ತೆ? ಹೆಣ್ಣು ತನಗೆ ಆಸಕ್ತಿ ಇಲ್ಲ ಅಂತ ಸ್ಪಷ್ಟವಾಗಿ ತೋರಿಸಿದ ಮೇಲೂ ಮತ್ತೆ ಮತ್ತೆ ಅವಳ ಹಿಂದೆ ಹೋಗೋದು, ಸಂಪರ್ಕಿಸೋಕೆ ಪ್ರಯತ್ನ ಮಾಡೋದು, ಅವಳು ಇಂಟರ್ನೆಟ್‌ನಲ್ಲಿ ಏನು ಮಾಡ್ತಾಳೆ ಅಂತ ಕಣ್ಣಿಡೋದು ಅಪರಾಧ. ಮೊದಲ ಸಲ ಮೂರು ವರ್ಷದವರೆಗೆ, ಎರಡನೇ ಸಲ ಐದು ವರ್ಷದವರೆಗೆ ಜೈಲು, ಜೊತೆಗೆ ದಂಡ. ಗಮನಿಸಿ, ಅವಳು ಚೀರಬೇಕಾಗಿಲ್ಲ, ಕೆನ್ನೆಗೆ ಹೊಡೆಯಬೇಕಾಗಿಲ್ಲ. ಆಸಕ್ತಿ ಇಲ್ಲ ಅಂತ ಗೊತ್ತಾಗುವ ಹಾಗೆ ಇದ್ದರೆ ಸಾಕು. ಕಾನೂನಿನ ಪುಸ್ತಕದಲ್ಲಿ ಹೆಣ್ಣಿನ ಒಂದು ಇಲ್ಲ ಎಷ್ಟು ತೂಗುತ್ತೆ ಅಂತ ಬರೆದಾಗಿದೆ. ನಮ್ಮ ಪರದೆ ಕೆಳಗಿನ ಪಟ್ಟಿಯಲ್ಲಿ ಮಾತ್ರ ಇನ್ನೂ 1964.

ಹೆಣ್ಣುಮಕ್ಕಳು ಕಂಪ್ಲೇಂಟ್ ಕೊಡೋಕೆ ಹೋದರೆ ಠಾಣೆಯಲ್ಲಿ ಏನು ಹೇಳ್ತಾರೆ ಅನ್ನೋದು ಇನ್ನೊಂದು ಕಾರ್ಯಕ್ರಮದ ವಿಷಯ. ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸಿ ಕಳಿಸ್ತಾರೆ ಅನ್ನೋ ದೂರು ನಮ್ಮ ಫೋನ್ ಇನ್‌ನಲ್ಲಿ ಬರ್ತಾನೇ ಇರುತ್ತೆ. ಯಾವುದಕ್ಕೆ ರಾಜಿ? ಅವಳು ಜಗಳ ಆಡಿಲ್ಲ. ಅವಳು ಬೇಡ ಅಂದಿದ್ದಾಳೆ.

ಮತ್ತೆ ‘ಸಂಗಮ್’ಗೆ ಬರ್ತೀನಿ. ಹೆಸರೇ ನೋಡಿ. ಪ್ರಯಾಗದ ಸಂಗಮದಲ್ಲಿ ಮೂರು ನದಿ ಅಂತೀವಿ. ಕಣ್ಣಿಗೆ ಕಾಣೋದು ಗಂಗೆ, ಯಮುನೆ ಎರಡೇ. ಸರಸ್ವತಿ ಗುಪ್ತಗಾಮಿನಿ, ಒಳಗೆ ಹರೀತಾಳೆ, ಕಾಣಲ್ಲ. ಈ ಕಥೆಯಲ್ಲಿ ಆ ಸರಸ್ವತಿ ಯಾರು ಅಂದ್ರೆ ಎಲ್ಲರೂ ಗೋಪಾಲ್ ಅಂತಾರೆ. ತ್ಯಾಗ ಮಾಡಿ ಮರೆಯಾದವನು ಅವನು ಅಂತ. ನನಗೆ ಹಾಗನ್ನಿಸಲ್ಲ. ಗೋಪಾಲ್ ಪೂರ್ತಿ ಕಾಣ್ತಾನೆ. ಅವನ ದುಃಖ ಕಾಣುತ್ತೆ, ಅವನ ದೊಡ್ಡತನ ಕಾಣುತ್ತೆ, ಅವನ ಸಾವಿಗೆ ಕ್ಯಾಮೆರಾ ಎಷ್ಟು ಹತ್ತಿರ ಹೋಗುತ್ತೆ! ಕಾಣದೆ ಹರಿದವಳು ರಾಧಾ.

ವೈಜಯಂತಿಮಾಲಾಗೆ ಅದು ಅರ್ಥ ಆಗಿತ್ತು ಅಂತ ನನ್ನ ಗುಮಾನಿ. ಬರೆದವರಿಗಿಂತ ಹೆಚ್ಚಾಗಿಯೇ. ಚಿತ್ರದಲ್ಲಿ ಒಂದು ಪಿಯಾನೋ ದೃಶ್ಯ ಇದೆ. ಸುಂದರ್ ಪಿಯಾನೋ ಮುಂದೆ ಕೂತು ಸ್ನೇಹಿತನೂ ಪ್ರೇಯಸಿಯೂ ಕೈಕೊಟ್ಟರು ಅನ್ನೋ ಅರ್ಥದ ಹಾಡು ಹಾಡ್ತಾನೆ. ಅವನಿಗೆ ಏನೂ ಗೊತ್ತಿಲ್ಲ, ಸುಮ್ಮನೆ ಹಾಡ್ತಿದ್ದಾನೆ. ಗೋಪಾಲ್ ಅಲ್ಲೇ ಇದ್ದಾನೆ, ರಾಧಾ ಅಲ್ಲೇ ಇದ್ದಾಳೆ. ಎಲ್ಲರೂ ಆ ಹಾಡಿನಲ್ಲಿ ರಾಜ್ ಕಪೂರ್ ಮುಖ ನೋಡ್ತಾರೆ, ಇಲ್ಲಾಂದ್ರೆ ಪಾಪ ರಾಜೇಂದ್ರ ಕುಮಾರ್ ಮುಖ ನೋಡ್ತಾರೆ. ನೀವು ಈ ಸಲ ಅವಳ ಮುಖ ನೋಡಿ. ಒಂದು ಮಾತೂ ಇಲ್ಲ ಅವಳಿಗೆ ಅಲ್ಲಿ. ಒಬ್ಬ ದ್ರೋಹ ಅಂತ ಹಾಡ್ತಿದ್ದಾನೆ, ಇನ್ನೊಬ್ಬ ತಪ್ಪಿತಸ್ಥನ ಹಾಗೆ ನಿಂತಿದ್ದಾನೆ. ನಾನು ಯಾರಿಗೆ ಯಾವಾಗ ಮಾತು ಕೊಟ್ಟಿದ್ದೆ ಅಂತ ಆ ಕಣ್ಣು ಕೇಳುತ್ತೆ.

ಥಿಯೇಟರ್‌ಗೆ ಹೋಗಿ ನೋಡೋ ಅವಕಾಶ ಸಿಕ್ಕರೆ ಮನೆಯ ಹುಡುಗರನ್ನೂ ಕರಕೊಂಡು ಹೋಗಿ. ಮರದ ಮೇಲಿನ ಹಾಡು ಬಂದಾಗ ಪಕ್ಕದಲ್ಲಿ ಕೂತ ಮಗನನ್ನು ಮೆಲ್ಲಗೆ ಕೇಳಿ, ಅವಳು ಏನಂದಳೋ ಅಂತ. ನಾಲ್ಕು ಗಂಟೆ ಸಿನಿಮಾ ಮತ್ತೆ, ಎರಡು ಇಂಟರ್‌ವೆಲ್, ಬೇಗ ಊಟ ಮುಗಿಸಿಕೊಂಡು ಹೊರಡಿ. ಈಗ ಒಂದು ಬ್ರೇಕ್. ಬ್ರೇಕ್ ಆದ ಮೇಲೆ ಜಿಲ್ಲಾ ಸುದ್ದಿಗಳು.